ಭಾಲು ಅಲುಗದೆ ಮಲಗಬೇಕು

ನಲಿನಕ್ಕಾ,

ಬೀದರಿನ ಆಸ್ಪತ್ರೆಯಲ್ಲಿ ಪಾಳಿ ಹಿಡಿಯಲು ಮೊದಲ ಬಸ್ಸಿಗೇ ಹೊರಟೆ. ಭಾಲೂನನ್ನು ನೀವು ಕರೆದುಕೊಂಡು ಬರ್ರಿ. ದಾರಿಯಲ್ಲಿ ಮಲಗಗೊಡಬ್ಯಾಡ್ರಿ, ನಿದ್ದೆ ಅಲ್ಲಿ ಚಿತ್ರ ತೆಗೆಯುವ ಯಂತ್ರದಲ್ಲೇ ಬರಬೇಕು. ಅವನ ತಾಯತ ಬಿಚ್ಚಿಡ್ರಿ, ನಿಮ್ಮ ಬಳೆಯನ್ನೂ; ಆ ಯಂತ್ರದ ಹತ್ತಿರ ಲೋಹ ತರಬಾರದಂತೆ.

ಬರದ ವರ್ಷ ಕಬ್ಬು ಕಡಿಯಲು ಹೋಗುವಾಗ ಹಡೆದ ಮಗನನ್ನು ನಿಮ್ಮ ಉಡಿಯಲ್ಲಿ ಹಾಕಿದವಳು ನಾನೇ. ಹೋದ ಸಲ ಮಿದುಳಿನ ಚಿತ್ರ ತೆಗೆಯುವಾಗ ನಮ್ಮಜ್ಜಿಯ ಏಳು ಸಮುದ್ರದ ಕಥೆ ಹೇಳಿದೆ. “ನೀ ಬ್ಯಾಡ, ಅತ್ತಿ ಹೇಳ್ಲಿ” ಎಂದು ಒದ್ದಾಡಿ ಚಿತ್ರ ಕೆಡಿಸಿದ.

ಈ ಫಿಟ್ಸಿನ ರೋಗ ನನ್ನ ರಕ್ತದಿಂದಲೇ ಬಂದಿದೆಯಂತೆ. ನಿದ್ದೆ ಮಾತ್ರ ನಿಮ್ಮ ಕಥೆಗೇ ಬರುತ್ತದೆ. ಹೊಟ್ಟೆ ಉರಿಯುತ್ತದೆ, ಅಕ್ಕಾ. ಆದರೂ ಈ ಸಲ ಅವನ ಜೊತೆ ಒಳಗೆ ನೀವೇ ಹೋಗ್ರಿ.

ನೀವು ಅವನಿಗೆ ಯಾರೆಂದು ಅಲ್ಲಿಯವರು ಕೇಳಿದರೆ ಅತ್ತೆ ಅನ್ರಿ. ಅವ್ವ ಅನ್ನಬ್ಯಾಡ್ರಿ.

ಜನಾಬಾಯಿ