ನಡುದಾರಿಯಲ್ಲಿ ನಿಂತ ಬಸ್ಸು

ಮಾರ್ಚ್ ೧೧, ಮಂಗಳವಾರ

ಹೊಟ್ಟೆ ನುಲಿದು ತಡೆಯಲಾಗದೆ, ಓಡಿಸುತ್ತಿದ್ದ ಬಸ್ಸನ್ನು ನಡುದಾರಿಯಲ್ಲೇ ನಿಲ್ಲಿಸಿ ಪೆಟ್ರೋಲ್ ಬಂಕಿನ ಕಕ್ಕಸಿಗೆ ಓಡಿದೆ. ತಲುಪುವ ಮೊದಲೇ ಪ್ಯಾಂಟು ಹಾಳಾಯಿತು. ಕಿಟಕಿಗಳಿಂದ ಎಲ್ಲರೂ ನೋಡುತ್ತಿದ್ದರು. ಕಂಡಕ್ಟರ್ ತನ್ನ ಸ್ವೆಟರ್ ಕೊಟ್ಟು, "ಸೊಂಟಕ್ಕೆ ಕಟ್ಕೊಳ್ಳಿ ಅಣ್ಣಾ" ಎಂದ. ತಲೆ ಎತ್ತಲಾಗಲಿಲ್ಲ.

ಕರುಳಿನ ಹುಣ್ಣು ಮತ್ತೆ ಕೆರಳಿದೆಯೆಂದು ಗೊತ್ತಿತ್ತು. ಕೆಲವು ವಾರಗಳಿಂದ ರಕ್ತ ಹೋಗುತ್ತಿದೆ. ಹುಷಾರಾದೆನೆಂದು ಮಾತ್ರೆ ಬಿಟ್ಟವನೂ ನಾನೇ.

ಮನೆಗೆ ಬಂದು ಬಚ್ಚಲಲ್ಲಿ ಪ್ಯಾಂಟು ಒಗೆಯುವಾಗ ಹೆಂಡತಿ ಬಂದು ನಿಂತು, ಬಕೆಟ್ಟಿನ ಕೆಂಪು ನೀರು ನೋಡಿದಳು.

"ರಕ್ತ ಯಾವಾಗಿಂದ ಹೋಗ್ತಿದೆ?"

"ಇವತ್ತಿಂದ" ಎಂದೆ.

"ನನ್ನ ಮುಖ ನೋಡಿ ಹೇಳಿ."

ನೆಲ ನೋಡುತ್ತಲೇ ನಿಜ ಹೇಳಿದೆ, ಮಾತ್ರೆ ಬಿಟ್ಟದ್ದನ್ನೂ. ಅವಳು ಬೈಯಲಿಲ್ಲ. ಬಕೆಟ್ ತನ್ನತ್ತ ಎಳೆದುಕೊಂಡು ಒಗೆಯತೊಡಗಿದಳು. "ನಾಳೆ ಡಾಕ್ಟರ ಹತ್ರ ಹೋಗೋಣ. ಅಲ್ಲಿ ನೀವೇ ಬಾಯ್ಬಿಡ್ಬೇಕು."

ಬೈದಿದ್ದರೆ ವಾಸಿಯಿತ್ತು. ಆ ಪ್ಯಾಂಟು ಅವಳ ಕೈಯಲ್ಲಿ... ಸಾಕು, ಬರೆಯಲಾರೆ.