ಬಾಗಿಲ ಹೊರಗಿನ ನಿರ್ದೇಶಕಿ

ಕಂಪನಿಗಳ ವಾರ್ಷಿಕ ವರದಿ ಓದುವ ಮಾನ್ಯ ಅಧಿಕಾರಿಗಳೇ,

ಮಹಿಳೆಯರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ ಕೊಟ್ಟಿದ್ದಕ್ಕೆ ನಮ್ಮೂರಿನ ರೈತ ಉತ್ಪಾದಕರ ಕಂಪನಿಗೆ ಪ್ರಶಂಸಾ ಪತ್ರ ಕೊಟ್ಟಿದ್ದೀರಿ. ಅದನ್ನು ವಾಪಸ್ ತಗೊಳ್ಳಿ. ಮಹಿಳಾ ನಿರ್ದೇಶಕರು ಇಬ್ಬರು, ಪ್ರತಿ ಸಭೆಗೂ ಹಾಜರು ಎಂದು ವರದಿಯಲ್ಲಿದೆ. ಸುಳ್ಳಲ್ಲ, ಹಾಜರಿದ್ದರು. ಎಲ್ಲಿ ಎಂದು ಮಾತ್ರ ನೀವು ಕೇಳಲಿಲ್ಲ.

ಒಬ್ಬಾಕೆ ನನ್ನ ಅವ್ವ ದೇವಕಮ್ಮ, ಅಧ್ಯಕ್ಷರ ತಮ್ಮನ ಹೆಂಡತಿ. ಇನ್ನೊಬ್ಬಾಕೆ ಅಧ್ಯಕ್ಷರ ಸೊಸೆ. ಭಾವನ ಮುಂದೆ, ಮಾವನ ಮುಂದೆ ನಮ್ಮ ಮನೆತನದ ಹೆಣ್ಣುಮಕ್ಕಳು ಕುರ್ಚಿ ಮೇಲೆ ಕೂಡುವುದಿಲ್ಲ, ಎದುರು ಮಾತಾಡುವುದೂ ಇಲ್ಲ. ಇಡೀ ಊರಲ್ಲಿ ಅಧ್ಯಕ್ಷರಾದ ನನ್ನ ದೊಡ್ಡಪ್ಪನಿಗೆ ಇವರಿಬ್ಬರೇ ಯಾಕೆ ಕಂಡರು? ಹತ್ತನೇ ತರಗತಿಗೆ ಶಾಲೆ ಬಿಟ್ಟ ನನಗೇ ತಿಳಿಯಿತು. ನಿಮಗೆ ತಿಳಿಯಲಿಲ್ಲವೇ? ಸಭೆ ನಡೆದಷ್ಟು ಹೊತ್ತು ಇಬ್ಬರೂ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕ ಕೂಡುತ್ತಾರೆ.

ಕಂಪನಿಯ ಹತ್ತಿ ಮಿಲ್ಲಿನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಸಂಡಾಸವಿಲ್ಲ. ಕಾಲುವೆ ದಂಡೆಗೆ ಹೋಗುತ್ತಾರೆ. ಹೋದ ಮಳೆಗಾಲದಲ್ಲಿ ಮಿಲ್ಲಿನ ಹಜರಾಬೀ ಅಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅವ್ವ ನೋಡಲು ಹೋದಾಗ ಹಾಸಿಗೆಯಲ್ಲೇ ನಕ್ಕಳಂತೆ: “ದೇವಕಕ್ಕಾ, ನೀ ಡೈರೆಕ್ಟರ್ ಅದಿ ಅಂತಲ್ಲ? ನಮ್ದೂ ಒಂದು ಮಾತು ಹೇಳಬಾರ್ದೇನವಾ?”

“ಒಳಗ ಹೋಗಿ ಹೇಳವ್ವ” ಅಂದೆ ನಾನು.

“ಭಾವಾರ ಮುಂದ ಹೆಂಗಲೇ? ನಿಮ್ಮಪ್ಪ ಮನ್ಯಾಗ ಇಟ್ಕೋತಾನೇನು?”

ಆದರೂ ಮುಂದಿನ ಸಭೆಯಲ್ಲಿ ಅವ್ವ ಬಾಯಿ ಬಿಟ್ಟಳು. ಕುರ್ಚಿ ಹಾಕಲು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. ಸೆರಗು ಮುಂದೆಳೆದು, ಗೋಡೆಗೆ ಮುಖ ಮಾಡಿ, “ಮಿಲ್ಲಿನ ಹೆಣ್ಮಕ್ಕಳಿಗೆ ಒಂದು ಸಂಡಾಸ ಕಟ್ಟಸ್ರಿ ಅಂತ ಭಾವಾರಿಗೆ ಹೇಳ್ರಿ” ಅಂದಳು.

ಒಳಗಿನಿಂದ ದೊಡ್ಡಪ್ಪ ಅಂದರು: “ಹೊರಗ ಯಾರೋ ಗದ್ಲಾ ಮಾಡಾಕತ್ತಾರ, ಬಾಗಲಾ ಹಾಕ್ರಿ.”

ಹಾಕಿದರು. ನೀವು ಮೆಚ್ಚಿದ ವರದಿಯಲ್ಲಿ ಆ ದಿನದ ಬಗ್ಗೆ ಏನಿದೆ ಗೊತ್ತೇ? ‘ಮಹಿಳಾ ನಿರ್ದೇಶಕರಿಂದ ಯಾವುದೇ ಬೇಡಿಕೆ ಬಂದಿಲ್ಲ.’ ನಿಮ್ಮ ಪ್ರಶಂಸಾ ಪತ್ರಕ್ಕೆ ಗಾಜು ಹಾಕಿಸಿ ಸಭೆಯ ಕೋಣೆಯಲ್ಲಿ ತೂಗುಹಾಕಿದ್ದಾರೆ. ಒಳಗಿದೆಯಲ್ಲ, ಅವ್ವ ಇನ್ನೂ ನೋಡಿಲ್ಲ. ಹಜರಾಬೀ ಇನ್ನೂ ಎದ್ದಿಲ್ಲ. ಉಳಿದವರು ಇವತ್ತೂ ದಂಡೆಗೆ ಹೋಗಿದ್ದರು.

ಮುಂದಿನ ಸಭೆಗೆ ನೀವೇ ಬನ್ನಿ. ಒಳಗೆ ಕುರ್ಚಿ ಕೊಡುತ್ತಾರೆ, ಚಹಾ ಕೊಡುತ್ತಾರೆ, ಹೋಗಬೇಡಿ. ಹೊರಗೆ ನಮ್ಮವ್ವನ ಪಕ್ಕ ಕೂಡಿ. ಅವಳು ಸಂಡಾಸದ ಮಾತು ಎತ್ತಿದಾಗ ದೊಡ್ಡಪ್ಪ ಬಾಗಿಲು ಹಾಕಿಸುತ್ತಾರೆ. ಆಗ ನೀವು ಎದ್ದು ತೆಗೆಯಿರಿ. ನೀವೇನು ಅವರ ತಮ್ಮನ ಹೆಂಡತಿಯಲ್ಲವಲ್ಲ.

ಇಂತಿ,
ಒಳಗಿನವರಿಗೆ ಕುರ್ಚಿ ಹೊತ್ತು ಹಾಕಿದ, ಹೊರಗಿನವಳ ಮಗ
ಅಮರಪ್ಪ
ಶಹಾಪುರ ತಾಲೂಕು