ಅಂಟಿಸಬಾರದ ಮೂಲೆ

ಮಾರ್ಚ್ 3, ಬೆಳಿಗ್ಗೆ

ಬಿಪಿ 150–90. ಮಾತ್ರೆ ಕೊಟ್ಟಾಯಿತು. ಹಾಲು ಅರ್ಧ ಲೋಟ ಒಳಗೆ ಹೋಯಿತು, ಉಳಿದರ್ಧ ನನ್ನ ಅಂಗಿಯ ಮೇಲೆ.

ಅಮ್ಮನ ಬಿಪಿ ಬರೆದಿಡು ಅಪ್ಪ, ಡಾಕ್ಟರಿಗೆ ತೋರಿಸೋಕೆ ಬೇಕು ಎಂದು ಮಗಳು ಈ ಡೈರಿ ಕೊಟ್ಟುಹೋಗಿದ್ದು. ಬಿಪಿಗೆ ಒಂದು ಸಾಲು ಸಾಕು. ಉಳಿದ ಹಾಳೆ ಖಾಲಿ ಬಿಡಲು ಮನಸ್ಸು ಬರುವುದಿಲ್ಲ — ಹಲಗೆಯ ಚೂರನ್ನೂ ಎಸೆಯದ ಬಡಗಿಯ ಕೈ. ಹಾಗಾಗಿ ಗೀಚುತ್ತಿದ್ದೇನೆ.

ಸ್ಟ್ರೋಕ್ ಆದಮೇಲೆ ಇವಳಿಗೆ ಬಲಗೈ ಇಲ್ಲ, ಮಾತಿಲ್ಲ. ಉಳಿದಿರುವುದು ಎಡಗೈ. ಅದಕ್ಕೆ ಬರುವುದು ಒಂದೇ ಕೆಲಸ, ತಳ್ಳುವುದು. ಲೋಟ ತಂದರೆ ತಳ್ಳು. ಬಾಚಣಿಗೆ ತಂದರೆ ತಳ್ಳು. ಹೊದಿಕೆ ಹೊದಿಸಿದರೂ ತಳ್ಳು, ತೆಗೆದರೂ ತಳ್ಳು. ಮಾತು ಬರುತ್ತಿದ್ದಾಗ ಇಷ್ಟು ಹಠ ಇರಲಿಲ್ಲ... ಇತ್ತು, ಸುಳ್ಳು ಯಾಕೆ.

ಇವತ್ತು ಕಿಟಕಿ ಪಕ್ಕದ ತನ್ನ ಮೇಜನ್ನೇ ನೋಡುತ್ತಿದ್ದಳು. ಧೂಳು ಕೂರದಿರಲಿ ಎಂದು ಬಟ್ಟೆ ಮುಚ್ಚಿದ್ದೆ.

ಮಾರ್ಚ್ 5

ಬಿಪಿ 140–90.

ಬಟ್ಟೆ ತೆಗೆದೆ. ಸ್ಟ್ರೋಕ್ ಆದ ದಿನ ಬಿಟ್ಟಲ್ಲೇ ಎಲ್ಲ ಇದೆ. ಡೈ ಕಟ್ ಮಷೀನು — ಕಾಗದದ ಮೇಲೆ ಕಬ್ಬಿಣದ ಅಚ್ಚು ಇಟ್ಟು ಎರಡು ಉರುಳೆಗಳ ನಡುವೆ ಕೈ ತಿರುಗಿಸಿ ಕಳಿಸಿದರೆ, ಆ ಕಡೆ ಎಲೆಯೋ ಹೂವೋ ಆಗಿ ಬರುತ್ತದೆ. ಬಟ್ಟೆ ಹಿಂಡುವ ಯಂತ್ರ ಎಂದು ರೇಗಿಸುತ್ತಿದ್ದೆ. ನೀವು ಮರದ ಬಡಗಿ, ನಾನು ಕಾಗದದ ಬಡಗಿ, ನನ್ನ ಕೆಲಸದಿಂದ ಪಕ್ಕದ ಮನೆಯವರ ನಿದ್ದೆ ಕೆಡುವುದಿಲ್ಲ ಅನ್ನುತ್ತಿದ್ದಳು.

ತಟ್ಟೆಯಲ್ಲಿ ಕತ್ತರಿಸಿಟ್ಟ ತುಂಡುಗಳು. ಎಲೆ, ಹೂವು, ಬೇಲಿ, ಒಂದು ಮರ, ಒಂದು ಪುಟ್ಟ ಮನೆ. ಮನೆಯ ಬಾಗಿಲು ತೆರೆಯುತ್ತದೆ, ಉಗುರಿನಷ್ಟಿದೆ. ಪೆಟ್ಟಿಗೆಗೆಂದು ನೀಲಿ ದಪ್ಪ ಹಾಳೆ: ನಡುವೆ ಒಂದು ಚೌಕ, ಅದರ ನಾಲ್ಕೂ ಕಡೆ ಒಂದೊಂದು ಚೌಕ. ಮಡಚುವಲ್ಲಿ ಇವಳ ಪೆನ್ಸಿಲ್ ಗೆರೆ. ಮುಚ್ಚಳ ಬೇರೆಯಾಗಿ ಸಿದ್ಧವಾಗಿದೆ.

ಮಗಳಿಗೆ ಫೋನ್ ಮಾಡಿ ಕೇಳಿದೆ. ಹೇಳಿದಳು — ತಾವು ಹೋಗಲಿರುವ ಹೊಸ ಮನೆಯ ಬೀಗದ ಕೈ ಇಡಲು ಅಮ್ಮ ಪೆಟ್ಟಿಗೆ ಮಾಡಿಕೊಡುತ್ತೇನೆ ಅಂದಿದ್ದಳಂತೆ. ಹೇಗಿರುತ್ತೆ ಅಂದರೆ, ತೆರೆದಾಗ ನೋಡು ಅಂದಳಂತೆ. ಈ ತಿಂಗಳ ಕೊನೆಗೆ ಅವರು ಆ ಮನೆಗೆ ಹೋಗುತ್ತಾರೆ.

ನಾನು ಮುಗಿಸುತ್ತೇನೆ ಎಂದೆ.

“ಅಪ್ಪ, ಅದು ಕಾಗದ. ಮರ ಅಲ್ಲ.”

ಕಾಗದವೂ ಮರದ ಮಗುವೇ ಎಂದೆ. ನಕ್ಕಳು. ನಗಲಿ ಅಂತಲೇ ಅಂದಿದ್ದು. ಇನ್ನೊಂದು ಸ್ಟ್ರೋಕ್ ಬಂದರೆ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ಅವಳಿಗೆ ಹೇಳಿಲ್ಲ. ಪೆಟ್ಟಿಗೆ ಇವಳ ಕಣ್ಣೆದುರು ಮುಗಿಯಬೇಕು. ಒಂದು ಸಲ ನೋಡಿ, ಹೂಂ ಅನ್ನುವ ಹಾಗೆ ತಲೆ ಆಡಿಸಬೇಕು. ಅಷ್ಟಾದರೆ ಸಾಕು ನನಗೆ.

ಮಾರ್ಚ್ 8

ಬಿಪಿ 140–85. ವ್ಯಾಯಾಮ ಮಾಡಿಸುವವಳು ಬಂದು ಕೈ ಕಾಲು ಎಳೆದಾಡಿ ಹೋದಳು.

ಇವಳ ಮಂಚವನ್ನು ಮೇಜಿನ ಹತ್ತಿರ ಸರಿಸಿದೆ. ಬೇಲಿ ಒಂದು ತುಂಡು ಕಡಿಮೆ ಇತ್ತು. ನಾನೇ ಕತ್ತರಿಸಲು ಹೋದೆ. ಅಚ್ಚನ್ನು ತಲೆಕೆಳಗು ಇಟ್ಟಿದ್ದೇನೆ, ಹರಿತದ ಕಡೆ ಮೇಲೆ. ಗೊತ್ತಾಗಲಿಲ್ಲ. ಬಿಗಿಯಾಯಿತು ಅಂತ ಗರಗಸ ಎಳೆಯುವ ಜೋರಿನಲ್ಲಿ ಹಿಡಿ ತಿರುಗಿಸಿದೆ. ಫಟ್ಟೆಂದು ಅಚ್ಚಿನ ಮೇಲೆ ಮುಚ್ಚುವ ಪ್ಲಾಸ್ಟಿಕ್ ಹಲಗೆ ಎರಡು ಹೋಳು. ಕಾಗದ ಹಾಗೇ ಇದೆ, ಮದುಮಗಳ ಹಾಗೆ.

ತಿರುಗಿ ನೋಡಿದರೆ — ನಗುತ್ತಿದ್ದಾಳೆ. ಅರ್ಧ ಬಾಯಲ್ಲಿ. ಇನ್ನರ್ಧ ಬರುತ್ತಿಲ್ಲ, ಆದರೂ ನಗುವೇ. ಸ್ಟ್ರೋಕ್ ಆದಮೇಲೆ ಮೊದಲ ಸಲ. ಇನ್ನೂ ನಾಲ್ಕು ಹಲಗೆ ಒಡೆಯಲೂ ನಾನು ಸಿದ್ಧ.

ಮಾರ್ಚ್ 11

ಬಿಪಿ ಬೆಳಿಗ್ಗೆ 140–90.

ಪೆಟ್ಟಿಗೆ ನಿಲ್ಲಿಸಿದೆ. ಗೋಡೆ ನಾಲ್ಕನ್ನೂ ಮೇಲೆ ಮಡಚಿದರೆ ಮೂಲೆಯಲ್ಲಿ ಅಂಟಿಸಲು ಪಟ್ಟಿಯೇ ಇಲ್ಲ. ಬಿಡಲು ಮರೆತಿದ್ದಾಳೆ. ಕತ್ತರಿಸುವ ಹೊತ್ತಿಗೇ ತಲೆ ಸರಿ ಇರಲಿಲ್ಲವೇನೋ, ನನಗೇಕೆ ಕಾಣಲಿಲ್ಲ?

ಮೂಲೆ ಬಿಟ್ಟುಕೊಂಡ ಪೆಟ್ಟಿಗೆಯನ್ನು ನನ್ನ ಕೈಯಿಂದ ಯಾರಿಗೂ ಕೊಟ್ಟವನಲ್ಲ. ಒಳಗಿನಿಂದ ನಾಲ್ಕೂ ಮೂಲೆಗೆ ಪಟ್ಟಿ ಕೊಟ್ಟೆ. ಮರಕ್ಕೆ ಹಾಕುವ ಬಿಳಿ ಅಂಟು. ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ ಬಿಗಿ ಹಿಡಿಸಿದೆ.

ಅಂಟು ಹಚ್ಚುವಾಗ ಇವಳು ನನ್ನ ಕೈ ತಳ್ಳಿದಳು. ಮತ್ತೆ ತಳ್ಳಿದಳು. ಬೆಳಿಗ್ಗೆಯಿಂದ ಲೋಟ, ಚಮಚ, ಟವೆಲು ಎಲ್ಲವನ್ನೂ ತಳ್ಳಿ ಆಗಿತ್ತು. ಇದೂ ಅದೇ ಎಂದುಕೊಂಡೆ.

“ಸುಮ್ನಿರೇ ಮಾರಾಯ್ತಿ, ನಿನ್ನ ಕೆಲಸ ಕೆಡಿಸ್ತಾ ಇಲ್ಲ ನಾನು” ಎಂದೆ. ಕೈ ಎತ್ತಿ ಆ ಕಡೆ ಇಟ್ಟೆ. ಗೋಡೆಯ ಕಡೆ ಮುಖ ತಿರುಗಿಸಿದಳು.

ಪೆಟ್ಟಿಗೆ ಮಾತ್ರ ಗಟ್ಟಿಮುಟ್ಟು. ಮೇಲೆ ಇಟ್ಟಿಗೆ ಹೇರಬಹುದು.

ಮಾರ್ಚ್ 12

ಬಿಪಿ 160–100. ಊಟ ಇಲ್ಲ. ನನ್ನ ಕಡೆ ನೋಟವೂ ಇಲ್ಲ.

ಮಾರ್ಚ್ 15

ಬಿಪಿ 150–95.

ಇವಳು ಕಾಗದ ಕೊಳ್ಳುತ್ತಿದ್ದ ಅಂಗಡಿಯ ಹುಡುಗಿ ನೋಡಲು ಬಂದಿದ್ದಳು. ಸುಮಾರು ಹೊತ್ತು ಇವಳ ಎಡಗೈ ಹಿಡಿದು ಕೂತಳು. ಹೆಮ್ಮೆಯಿಂದ ಪೆಟ್ಟಿಗೆ ತೋರಿಸಿದೆ. ಅವಳ ಮುಖ ಸಣ್ಣಗಾಯಿತು.

“ಅಂಕಲ್... ಇದನ್ನ ಅಂಟಿಸಿಬಿಟ್ರಾ?”

ಇದಕ್ಕೆ ಮೂಲೆ ಅಂಟಿಸುವುದೇ ಇಲ್ಲವಂತೆ. ನಾಲ್ಕು ಗೋಡೆಯನ್ನೂ ಹಿಡಿದು ನಿಲ್ಲಿಸುವುದು ಮುಚ್ಚಳ ಒಂದೇ. ಅದನ್ನು ಎತ್ತಿದ ತಕ್ಷಣ ಗೋಡೆಗಳೆಲ್ಲ ಹೊರಕ್ಕೆ ಬಿದ್ದು, ಒಳಗಿನ ಮರ, ಬೇಲಿ, ಹೂವು ಎಲ್ಲ ಕಾಣಿಸಬೇಕು, ನಡುವೆ ಆ ಪುಟ್ಟ ಮನೆ ಮತ್ತು ಬೀಗದ ಕೈ. ಮಗಳು ಮುಚ್ಚಳ ಎತ್ತುವಾಗ ಅವಳ ಮುಖ ನೋಡಬೇಕು ಅಂತ ಆಂಟಿ ಅಂಗಡಿಯಲ್ಲಿ ಹೇಳುತ್ತಲೇ ಇದ್ದರು ಅಂದಳು.

ತಿರುಗಿ ಇವಳನ್ನು ನೋಡಿದೆ. ಇವಳೂ ನನ್ನನ್ನೇ ನೋಡುತ್ತಿದ್ದಳು. ಆ ದಿನ ಬೇಡ ಅಂತಲೇ ತಳ್ಳಿದ್ದು. ಸಾವಿರ ಸಲ ಸುಮ್ಮನೆ ತಳ್ಳಿರಬಹುದು. ಆ ಎರಡು ಸಲ ಹೇಳುತ್ತಿದ್ದಳು, ನಾನು ಕೈ ಎತ್ತಿ ಆಚೆ ಇಟ್ಟೆ.

ಹುಡುಗಿ ಹೋದಮೇಲೆ ಮಂಚದ ಪಕ್ಕ ಕೂತು ತಪ್ಪಾಯ್ತು ಎಂದೆ.

ಮಾರ್ಚ್ 16, ರಾತ್ರಿ

ಬಿಪಿ 150–90. ಎರಡು ತುತ್ತು ಹೆಚ್ಚು ತಿಂದಳು.

ಅದೇ ನೀಲಿ ಹಾಳೆ ಅಂಗಡಿಯಲ್ಲಿ ಇನ್ನೂ ಇದೆಯಂತೆ. ಬೇಡ ಎಂದೆ. ಪೆನ್ಸಿಲ್ ಗೆರೆ ಇವಳದು, ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಮರದಂಟು ಬಿಡಿಸಲು ಬರುವುದಿಲ್ಲ, ಮೂಲೆಯನ್ನು ಬ್ಲೇಡಿನಲ್ಲಿ ಸೀಳಬೇಕು. ತಟ್ಟೆಯನ್ನೂ ಪೆಟ್ಟಿಗೆಯನ್ನೂ ಇವಳ ಮಡಿಲಲ್ಲಿಟ್ಟು ಅದನ್ನೇ ಹೇಳುತ್ತಿದ್ದೆ.

ಎಡಗೈ ಮುಂದೆ ಬಂತು. ತಳ್ಳಲು ಅಲ್ಲ. ಅಂಟಿನ ಬಾಟಲಿಯ ಕಡೆ. ಮುಚ್ಚಳ ತೆಗೆದು ಕೊಟ್ಟೆ. ತಟ್ಟೆಯಿಂದ ಒಂದು ಬಿಳಿ ಹೂವು ಎತ್ತಿದಳು. ಬಿತ್ತು. ಮತ್ತೆ ಎತ್ತಿದಳು. ಸಹಾಯಕ್ಕೆ ಹೋದರೆ ತಳ್ಳಿದಳು, ಈ ಸಲ ಮಾತು ಕೇಳಿದೆ. ಕೊನೆಗೂ ಅಂಟಿಸಿದಳು — ಪೆಟ್ಟಿಗೆಯ ಒಂದು ಮೂಲೆಯ ಮೇಲೆ. ಅರ್ಧ ಹೂವು ಈ ಗೋಡೆಗೆ, ಅರ್ಧ ಆ ಗೋಡೆಗೆ. ಸೊಟ್ಟ.

ಈ ಮೂಲೆ ಹೀಗೇ ಇರಲಿ ಅಂತಲಾ ಎಂದು ಕೇಳಿದೆ. ಕೈ ಜಾರಿ ಅಲ್ಲಿ ಬಿತ್ತೇ? ಕಣ್ಣು ಮುಚ್ಚಿದಳು. ದಣಿದಿದ್ದಳು. ನಾಳೆ ಇನ್ನೊಮ್ಮೆ ಕೇಳುತ್ತೇನೆ.

ಮಾರ್ಚ್ 17

ಬಿಪಿ 210–

ಏಪ್ರಿಲ್ 2

ಇವಳಿಲ್ಲ. ಬರೆಯಲು ಇಷ್ಟು ದಿನ ಬೇಕಾಯಿತು.

ಇವಳು ಅಂತಲೇ ಬರೆದೆ. ಅವಳು ಅಂತ ಬರೆಯಲು ಕೈ ಏಳುತ್ತಿಲ್ಲ.

ಮಗಳು ಇಲ್ಲೇ ಇದ್ದಾಳೆ. ಹೊಸ ಮನೆಗೆ ಹೋಗುವುದನ್ನು ಮುಂದಕ್ಕೆ ಹಾಕಿದ್ದಾರೆ. ಬೆಳಿಗ್ಗೆ ಎದ್ದವನೇ ಬಿಪಿ ಮಷೀನು ಹಿಡಿದು ಮಂಚದ ಹತ್ತಿರ ಹೋಗಿ ನಿಂತಿದ್ದೆ. ಮಗಳು ನೋಡಿದಳು. ತನ್ನ ತೋಳು ಚಾಚಿ ಕೂತಳು. ಅವಳ ಬಿಪಿ ನೋಡಿದೆ. 110–70. ಇಬ್ಬರೂ ಅತ್ತೆವು.

ಏಪ್ರಿಲ್ 6

ಪೆಟ್ಟಿಗೆ ಮಗಳ ಕಣ್ಣಿಗೆ ಬಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಹೂವಿರುವ ಮೂಲೆ ಬಿಟ್ಟು ಉಳಿದ ಮೂರನ್ನೂ ಸೀಳಿದೆ. ಒಳಗೆ ಮರ, ಬೇಲಿ, ಎಲೆ ಎಲ್ಲ ಮಗಳೇ ಅಂಟಿಸಿದಳು. ನಡುವೆ ಮನೆ. ನಾನು ಒಡೆದ ಹಲಗೆಯ ಕಥೆ ಕೇಳಿ ಅಮ್ಮನ ಹಾಗೇ ನಕ್ಕಳು, ಮಗಳದು ಪೂರ್ತಿ ಬಾಯಿ.

ಬೀಗದ ಕೈ ಒಳಗಿಟ್ಟು ಮುಚ್ಚಳ ಹಾಕಿದಳು. ಎತ್ತಿದಳು. ಎರಡು ಗೋಡೆ ಬಿದ್ದವು. ಹೂವಿನ ಮೂಲೆಯ ಎರಡು ಬೀಳಲಿಲ್ಲ, ಒಂದಕ್ಕೊಂದು ಆತುಕೊಂಡು ನಿಂತವು.

“ಈ ಮೂಲೆನೂ ಬಿಡಿಸಿದ್ರೆ ಪೂರ್ತಿ ತೆರೆಯುತ್ತೆ ಅಪ್ಪ. ಅಮ್ಮ ಅದಕ್ಕೇ ತಾನೇ ಮಾಡಿದ್ದು?”

ಹೌದು. ಅದಕ್ಕೇ ಮಾಡಿದ್ದು. ಆದರೆ ಈ ಹೂವನ್ನು ಅಂಟಿಸಿದ್ದೂ ಅವಳೇ. ಎಡಗೈಯಲ್ಲಿ, ಬಿದ್ದಷ್ಟು ಸಲವೂ ಎತ್ತಿಕೊಂಡು. ಹೀಗೆ ಹೇಳಿದೆ. ಮಗಳು ಕೈ ಒರೆಸಿಕೊಂಡು, ನೀನೇ ನೋಡಿ ಏನಾದರೂ ಮಾಡು, ನಾಳೆ ಹೊರಡುವಾಗ ಹಾಗೇ ತಗೊಂಡು ಹೋಗ್ತೀನಿ ಎಂದಳು.

ಏಪ್ರಿಲ್ 7, ಬೆಳಿಗ್ಗೆ

ಮಗಳು ಬಟ್ಟೆ ಜೋಡಿಸುತ್ತಿದ್ದಾಳೆ. ಕಾರು ಬರಲು ಇನ್ನೂ ಹೊತ್ತಿದೆ.

ಹೊಸ ಬ್ಲೇಡು ತೆಗೆದೆ. ಹೂವಿನ ಒಂದು ಎಸಳಿಗೆ ಅಂಟು ಸಾಲದೆ ಮೇಲೆದ್ದಿದೆ. ಸೀಳಿದರೆ ಸರಿಯಾಗಿ ನಡುವೆ ಹೋಗುತ್ತದೆ. ಪೆಟ್ಟಿಗೆ ಅವಳು ಅಂದುಕೊಂಡ ಹಾಗೆ ತೆರೆಯುತ್ತದೆ. ಸೀಳದಿದ್ದರೆ ಅವಳು ಕೊನೆಗೆ ಮಾಡಿದ್ದು ಉಳಿಯುತ್ತದೆ. ಯಾವುದು ಬೇಕಿತ್ತು ನಿನಗೆ? ನಾಳೆ ಕೇಳುತ್ತೇನೆ ಎಂದು ಬರೆದಿಟ್ಟು ಮಲಗಿದವನು ನಾನು.

ಪೆಟ್ಟಿಗೆಯನ್ನು ಅವಳ ಮಂಚದ ಮೇಲಿಟ್ಟೆ, ಎಡಗೈ ಇರುತ್ತಿದ್ದ ಕಡೆ. ಬ್ಲೇಡಿನ ತುದಿ ಹೂವಿಗೆ ತಾಗಿಸಿ ಹಿಡಿದೆ. ಹಿಡಿದು ಕಾದೆ, ಬೇಡವಾದರೆ ಕೈ ತಳ್ಳಲಿ ಅಂತ. ತುಂಬಾ ಹೊತ್ತು ಕಾದೆ. ಈಗ ಬ್ಲೇಡು ಪಕ್ಕಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ, ಹೂವು ಇನ್ನೂ ಹಾಗೇ ಇದೆ.